ಅಬ್ಬರದ ಗಿಟಾರಿನವರ ಮೆಲುದನಿ

ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದರೆ ನಮ್ಮ ಕಡೆ ಮತ್ತೆ ದೀಪಾವಳಿಯ ನಂತರವೇ ಆಟ. ಹಾಗೆಂದು ಕಲಾವಿದರು ಸುಮ್ಮನೆ ಕೂರುವುದಿಲ್ಲ. ಬೇಸಗೆಯಲ್ಲಿ ಕಿರೀಟ ಕಟ್ಟಿ, ಬಣ್ಣ ಮೆತ್ತಿ, ಚೆಂಡೆಯ ಪೆಟ್ಟಿಗೆ ರಂಗಸ್ಥಳ ಹುಡಿ ಮಾಡಿದವರೇ ಮಳೆಗಾಲದಲ್ಲಿ ಬಿಳಿ ಪಂಚೆ ಉಟ್ಟು ತಾಳಮದ್ದಳೆಗೆ ಕೂರುತ್ತಾರೆ. ವೇಷ ಇಲ್ಲ, ಕುಣಿತ ಇಲ್ಲ, ಮಾತು ಮಾತ್ರ. ಅದನ್ನು ಕಂಡು "ಇವನಿಗೆ ಎಂತ ಆಯಿತು?" ಎಂದು ಕುಂಬಳೆ ಸೀಮೆಯಲ್ಲಿ ಯಾರೂ ಕೇಳುವುದಿಲ್ಲ. ಪಾರ್ತಿಸುಬ್ಬ ಹುಟ್ಟಿದ ಸೀಮೆ ಇದು. ಎರಡೂ ಒಂದೇ ಕಲೆಯ ಎರಡು ಮುಖ ಎಂದು ನಮಗೆ ಗೊತ್ತುಂಟು.

ಆದರೆ ಗಿಟಾರಿನ ವಿಷಯದಲ್ಲಿ ನಾನು ಆ ಪ್ರಶ್ನೆ ಕೇಳಿದವ. ಕೇಳಿದ್ದು ಮಾತ್ರವಲ್ಲ, ಒಬ್ಬ ಹುಡುಗನ ಕೈಯಿಂದ ಗಿಟಾರನ್ನು ಕೆಳಗಿಡಿಸಿದವನೂ ನಾನೇ.

ನಾನು ಮಾಷ್ಟ್ರಾಗಿದ್ದ ಕಾಲ. ಶಾಲಾ ವಾರ್ಷಿಕೋತ್ಸವಕ್ಕೆ ಹತ್ತನೆಯ ತರಗತಿಯ ಹುಡುಗನೊಬ್ಬ ಎಲೆಕ್ಟ್ರಿಕ್ ಗಿಟಾರ್ ಬಾರಿಸುತ್ತೇನೆ ಎಂದು ಬಂದ. ಅಭ್ಯಾಸಕ್ಕೆ ಒಮ್ಮೆ ಬಾರಿಸಿದಾಗ ಮಾಡಿನ ಹಂಚು ನಡುಗಿದ ಹಾಗಾಯಿತು. "ಇದು ಸಂಗೀತವಲ್ಲ ಮಾರಾಯ, ಮರದ ಮಿಲ್ಲಿನ ಗಲಾಟೆ" ಎಂದೆ. ಮಕ್ಕಳೆಲ್ಲ ನಕ್ಕರು. ಅವನು ವಯರು ಸುತ್ತಿಕೊಂಡು ಹೋದ. ಮತ್ತೆ ಶಾಲೆಗೆ ಗಿಟಾರ್ ತರಲಿಲ್ಲ.

ಕೆಲವು ವರ್ಷಗಳ ಮೇಲೆ ಒಂದು ಆಟಿ ತಿಂಗಳಲ್ಲಿ, ಜಡಿಮಳೆಗೆ ಕರೆಂಟು ಹೋದ ಸಂಜೆ, ಅವನು ನಮ್ಮ ಮನೆಗೆ ಬಂದ. ಬೆಂಗಳೂರಿನಲ್ಲಿ ಕೆಲಸ. 2011ರ ಅಕ್ಟೋಬರ್ 30ರಂದು ಅರಮನೆ ಮೈದಾನದಲ್ಲಿ ಅಮೆರಿಕದ ಮೆಟಾಲಿಕಾ ತಂಡ ಹಾಡಿದಾಗ ಜನಸಾಗರದ ನಡುವೆ ತಾನೂ ಇದ್ದೆ ಎಂದ. ಹೆಗಲಲ್ಲಿ ಮರದ ಗಿಟಾರ್ ಇತ್ತು. ಜಗಲಿಯಲ್ಲಿ ಕೂತು ಬಾರಿಸಿದ. ಮಳೆಯ ಸದ್ದಿನ ನಡುವೆ ಕಿವಿಗೊಟ್ಟು ಕೇಳಬೇಕು, ಅಷ್ಟು ಮೆಲ್ಲಗೆ. ಹಾಡಿಲ್ಲ, ತಾಳವಿಲ್ಲ, ತಂತಿಯ ದನಿ ಮಾತ್ರ.

"ಇದನ್ನು ಯಾವಾಗ ಕಲಿತದ್ದು?" ಎಂದೆ.

"ಆವಾಗಲೂ ಗೊತ್ತಿತ್ತು ಮಾಷ್ಟ್ರೇ. ನೀವು ಕೇಳಲಿಲ್ಲ ಅಷ್ಟೆ" ಎಂದ. ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ನನಗೆ ಹೆಚ್ಚು ತಾಗಿತು.

ಅಂದಿನಿಂದ ಈ ಗಲಾಟೆಯ ಬುಡ ಎಲ್ಲಿ ಎಂದು ಹುಡುಕತೊಡಗಿದೆ. ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತೇನೆ.

ಹೆವಿ ಮೆಟಲ್ ಎಂದರೆ ಭಾರವಾದ ಲೋಹ. ಈ ಸಂಗೀತದ ತವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್, ಕಾರ್ಖಾನೆಗಳ ಪಟ್ಟಣ. ಅಲ್ಲಿ 1948ರಲ್ಲಿ ಹುಟ್ಟಿದ ಟೋನಿ ಅಯೋಮಿ ತಗಡಿನ ಕಾರ್ಖಾನೆಯಲ್ಲಿ ಕೂಲಿ ಮಾಡುತ್ತಿದ್ದ. 17ನೆಯ ವಯಸ್ಸಿನಲ್ಲಿ, ಆ ಕೆಲಸದ ಕೊನೆಯ ದಿನವೇ, ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಹಾರಿಹೋಯಿತು. ಅವನು ಎಡಚ. ಹಾಗಾಗಿ ತಂತಿ ಒತ್ತುವ ಕೈಯೇ ಅದು. ಇನ್ನು ಗಿಟಾರ್ ಇಲ್ಲ ಎಂದು ಕೂತವನಿಗೆ ಕಾರ್ಖಾನೆಯ ಮೇಲ್ವಿಚಾರಕ ಒಂದು ರೆಕಾರ್ಡು ತಂದು ಕೇಳಿಸಿದ. ಬಾರಿಸಿದವ ಜ್ಯಾಂಗೋ ರೈನ್‌ಹಾರ್ಟ್. 1928ರಲ್ಲಿ ತನ್ನ ಗಾಡಿಮನೆಗೆ ಬೆಂಕಿ ಬಿದ್ದು ಎಡಗೈಯ ಎರಡು ಬೆರಳು ಮುರುಟಿದ ಮೇಲೂ ಉಳಿದ ಎರಡು ಬೆರಳಿನಲ್ಲಿ ನುಡಿಸಿ ಹೆಸರಾದವ. 1934ರಲ್ಲಿ ಪ್ಯಾರಿಸಿನಲ್ಲಿ ಅವನು ಕಟ್ಟಿದ ಐವರ ಮೇಳದಲ್ಲಿ ಮೂರು ಗಿಟಾರ್, ಒಂದು ಪಿಟೀಲು, ಒಂದು ದೊಡ್ಡ ಬಾಸ್. ಡ್ರಮ್ಮೇ ಇಲ್ಲ.

ಅಯೋಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡ, ಮೇಲೆ ಚರ್ಮದ ತುಂಡು ಅಂಟಿಸಿದ. ನೋವಾಗದ ಹಾಗೆ ಸಪೂರ ತಂತಿ ಹಾಕಿದ. ಮುಂದೆ ಶ್ರುತಿಯನ್ನೂ ಇಳಿಸಿದ. ತಂತಿ ಸಡಿಲವಾಯಿತು, ದನಿ ದಪ್ಪಗಾಯಿತು. 1970ರ ಫೆಬ್ರವರಿ 13ರಂದು ಬಂದ ಅವನ ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಆಲ್ಬಮ್ಮಿನಿಂದಲೇ ಮೆಟಲ್ ಶುರು ಎಂದು ಬಹಳ ಮಂದಿ ಲೆಕ್ಕ ಹಾಕುತ್ತಾರೆ. ಅಂದರೆ ನಾನು ಮಿಲ್ಲಿನ ಗಲಾಟೆ ಎಂದದ್ದು ಪೂರಾ ಸುಳ್ಳಲ್ಲ. ಅದು ಕಾರ್ಖಾನೆಯ ಸದ್ದೇ. ಆದರೆ ಅದರ ಬುಡದಲ್ಲಿ ಗಾಯಗೊಂಡ ಒಂದು ಕೈ ಇತ್ತು. ಆ ಕೈಗೆ ಧೈರ್ಯ ಕೊಟ್ಟದ್ದು ಡ್ರಮ್ಮಿಲ್ಲದ ಮೇಳದ ಗಿಟಾರ್.

ಅಯೋಮಿ ಅದನ್ನು ಮರೆಯಲಿಲ್ಲ ಎಂದು ನನ್ನ ಎಣಿಕೆ. 1971ರ ಮೂರನೆಯ ಆಲ್ಬಮ್ಮಿನಲ್ಲಿ, ಗುಡುಗಿನಂಥ ಹಾಡುಗಳ ನಡುವೆ, 'ಆರ್ಕಿಡ್' ಎಂಬ ಒಂದೂವರೆ ನಿಮಿಷದ ತುಣುಕುಂಟು. ಮಾತಿಲ್ಲ, ಡ್ರಮ್ಮಿಲ್ಲ, ಮರದ ಗಿಟಾರ್ ಮಾತ್ರ.

ತುಣುಕಾಗಿದ್ದದ್ದು ಇಡೀ ಆಲ್ಬಮ್ ಆಗಲಿಕ್ಕೆ ಇನ್ನೊಬ್ಬ ಬರಬೇಕಾಯಿತು. ಅಮೆರಿಕದ ಮಾರ್ಟಿ ಫ್ರೀಡ್‌ಮನ್ 1990ರಲ್ಲಿ ಮೆಗಾಡೆತ್ ತಂಡ ಸೇರಿದವ. ಅತಿ ವೇಗ, ಅತಿ ಸದ್ದು ಆ ತಂಡದ ಗುರುತು. 1992ರಲ್ಲಿ ಅವರ ಆಲ್ಬಮ್ ಅಮೆರಿಕದ ಮಾರಾಟ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ಏರಿತು. ಅದೇ ವರ್ಷ ಫ್ರೀಡ್‌ಮನ್ ತನ್ನ ಒಬ್ಬನ ಹೆಸರಿನಲ್ಲಿ 'ಸೀನ್ಸ್' ಎಂಬ ಆಲ್ಬಮ್ ತಂದ. ಹಾಡುಗಾರಿಕೆ ಇಲ್ಲ. ಮರದ ಗಿಟಾರ್ ಉಂಟು, ಕರೆಂಟಿನದ್ದೂ ಉಂಟು, ಆದರೆ ಅದೂ ಮೆಲ್ಲಗೆ ಎಳೆದು ಹಾಡುತ್ತದೆ. ಇದರ ತಯಾರಿಯಲ್ಲಿ ಜೊತೆಗಿದ್ದವರಲ್ಲಿ ಜಪಾನಿನ ಕಿಟಾರೊ ಒಬ್ಬ. 'ಸಿಲ್ಕ್ ರೋಡ್' ಎಂಬ ಟಿ.ವಿ. ಸಾಕ್ಷ್ಯಚಿತ್ರಕ್ಕೆ ಶಾಂತವಾದ ಸಂಗೀತ ಕೊಟ್ಟು ಹೆಸರಾದವ. ಫ್ರೀಡ್‌ಮನ್ ಮುಂದೆ ತಂಡ ಬಿಟ್ಟು ಜಪಾನಿನಲ್ಲೇ ನೆಲೆಸಿದ. ಅಬ್ಬರವನ್ನೂ ಬಿಡಲಿಲ್ಲ. 2023ರಲ್ಲಿ ಟೋಕಿಯೋದ ಬುಡೊಕಾನಿನಲ್ಲಿ ಹಳೆಯ ತಂಡದ ಜೊತೆ ಮತ್ತೆ ನಿಂತು ಬಾರಿಸಿದ.

ಹುಡುಗ ನನಗೆ ಇನ್ನೊಂದು ಸಂಗತಿ ಹೇಳಿದ. ಮೆಗಾಡೆತ್‌ಗೆ ಹೋಗುವ ಮೊದಲು ಫ್ರೀಡ್‌ಮನ್‌ನ ಜೋಡಿ ಜೇಸನ್ ಬೆಕರ್, 1969ರಲ್ಲಿ ಹುಟ್ಟಿದ ಹುಡುಗ. ಇಬ್ಬರೂ 1987ರಲ್ಲಿ ಒಟ್ಟಿಗೆ ಆಲ್ಬಮ್ ಮಾಡಿದರು. 20 ದಾಟುವಷ್ಟರಲ್ಲಿ ಬೆಕರನಿಗೆ ನರಗಳು ಸೋಲುವ ಎ.ಎಲ್.ಎಸ್. ಕಾಯಿಲೆ. ಹೆಚ್ಚೆಂದರೆ ಐದು ವರ್ಷ ಎಂದರು ವೈದ್ಯರು. ಕೈ ಹೋಯಿತು, ಮಾತೂ ಹೋಯಿತು. ಕಣ್ಣು ಯಾವ ಕಡೆ ಹೊರಳಿತು ಎಂದು ನೋಡಿ ಅಕ್ಷರ ಗುರುತಿಸುವ ಉಪಾಯವನ್ನು ಅಪ್ಪ ಕಂಡುಹಿಡಿದರು. ಕಂಪ್ಯೂಟರಿನ ಸಹಾಯದಿಂದ ಬೆಕರ್ ಸಂಗೀತ ಕಟ್ಟಿದ, ಗೆಳೆಯರು ನುಡಿಸಿದರು. 1996ರಲ್ಲಿ ಒಂದು ಆಲ್ಬಮ್ ಬಂತು, 2018ರಲ್ಲಿ ಮತ್ತೊಂದು.

ಹಾಗಾದರೆ ಈ ಅಬ್ಬರದವರಿಗೆ ಮೆಲುದನಿ ಏಕೆ ಬೇಕು? ಎಲೆಕ್ಟ್ರಿಕ್ ಗಿಟಾರಿನಲ್ಲಿ ತಂತಿಯ ಅಡಿಯ ಅಯಸ್ಕಾಂತ ಮತ್ತು ತಾಮ್ರದ ಸುರುಳಿ ಕಂಪನವನ್ನು ಹಿಡಿದು ವಯರಿನಲ್ಲಿ ಆಂಪ್ಲಿಫೈಯರಿಗೆ ಕಳುಹಿಸುತ್ತವೆ. ಅದಕ್ಕೆ ತಡೆಯುವುದಕ್ಕಿಂತ ಹೆಚ್ಚು ಕೊಟ್ಟರೆ ದನಿ ಒಡೆದು ಗರ್ಜಿಸುತ್ತದೆ. ಆ ಗರ್ಜನೆಯಲ್ಲಿ ಸಣ್ಣಪುಟ್ಟ ತಪ್ಪು ಮುಚ್ಚಿಹೋಗಬಹುದು. ಮರದ ಗಿಟಾರಿಗೆ ಇರುವುದು ಟೊಳ್ಳು ಹೊಟ್ಟೆ ಮಾತ್ರ. ಬೆರಳು ತಂತಿಗೆ ಉಜ್ಜಿದ್ದೂ ಕೇಳುತ್ತದೆ. ತಾಳಮದ್ದಳೆಯ ಹಾಗೆಯೇ. ಕಿರೀಟದ ಹಿಂದೆ ಅಡಗಲಿಕ್ಕೆ ಆಗುವುದಿಲ್ಲ.

ಇಷ್ಟು ತಿಳಿದ ಮೇಲೂ ಮೆಟಲ್ ಸಂಗೀತ ನನಗೆ ಹಿಡಿಸಿತು ಎಂದರೆ ಸುಳ್ಳಾದೀತು. ಈಗಲೂ ಎರಡು ಹಾಡಿಗೆ ತಲೆ ಬಿಸಿಯಾಗುತ್ತದೆ. ಆದರೆ ಆ ದಿನ ಒಂದು ಮಾತು ಕೇಳಬಹುದಿತ್ತು. "ಇದು ಆಯಿತು, ಮೆಲ್ಲಗಿನದ್ದು ಎಂತದಾದರೂ ಬಾರಿಸ್ತಿಯಾ?" ಎಂದಿದ್ದರೆ ಸಾಕಿತ್ತು. ಐದು ನಿಮಿಷದ ಕೆಲಸ. ಶಾಲೆಯಲ್ಲಿರುವ ಮಾಷ್ಟ್ರುಗಳು, ಟೀಚರುಗಳು ಇದನ್ನು ಓದಿದರೆ, ಆ ಐದು ನಿಮಿಷ ನಿಮ್ಮ ಕೈಯಲ್ಲಿ ಇನ್ನೂ ಉಂಟು.

ಬರುವ ಮಳೆಗಾಲಕ್ಕೆ ಹುಡುಗ ಊರಿಗೆ ಬರುತ್ತಾನೆ. ನಮ್ಮ ವಾಚನಾಲಯದಲ್ಲಿ ಒಂದು ಸಂಜೆ ಬಾರಿಸಬೇಕೆಂದು ಕೇಳಿದ್ದೇನೆ.

"ಮರದ್ದಾ, ಕರೆಂಟಿನದ್ದಾ ಮಾಷ್ಟ್ರೇ?" ಎಂದು ಕೇಳಿದ.

"ಎರಡೂ ತಾ" ಎಂದಿದ್ದೇನೆ.