ಹಬಶಿಯ ಕಾಲುವೆ, ಸಿದ್ದಿಯ ಸೀಟು

ಆಫ್ರಿಕಾದ ಎಂಜಿನಿಯರ್ ಅಂದರೆ ನಮ್ಮ ಕಡೆ ಜನ ನಗುತ್ತಾರೆ. 'ಅಲ್ಲೆಲ್ಲಿ ಎಂಜಿನಿಯರ್ ಬಂದ್ರೋ ತಮ್ಮಾ, ಅಲ್ಲಿ ಅಡವಿ ಐತಿ, ಹಸಿವು ಐತಿ' ಅನ್ನುತ್ತಾರೆ. ಹೀಗೆ ನಗುವವರಲ್ಲಿ ಕಲಿತವರೇ ಹೆಚ್ಚು. ದೇವಿಕೊಪ್ಪದವರಾದ ನಾವು ಈ ನಗೆಯನ್ನು ಕೇಳಿ ಸುಮ್ಮನೆ ಇರಲಾರೆವು. ಆಫ್ರಿಕಾ ನಮಗೆ ಭೂಗೋಳದ ಪುಸ್ತಕದ ಪಾಠವಷ್ಟೇ ಆಗಿದ್ದರೆ ನಾವೂ ನಗುತ್ತಿದ್ದೆವೋ ಏನೋ. ಆದರೆ ಅದು ನಮ್ಮ ಹಿತ್ತಲಿನಲ್ಲೇ ಇದೆ.

ಕಲಘಟಗಿ ತಾಲೂಕಿನ ಅಡವಿ ಅಂಚಿನಿಂದ ಹಿಡಿದು ಹಳಿಯಾಳ, ಯಲ್ಲಾಪುರ, ಮುಂಡಗೋಡ, ಆ ಕಡೆ ಖಾನಾಪುರದವರೆಗೆ ಸಿದ್ದಿಗಳ ಮನೆಗಳಿವೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರಿಶ್ಚಿಯನ್ನರಿದ್ದಾರೆ. ಕನ್ನಡ, ಕೊಂಕಣಿ, ಉರ್ದು, ಮರಾಠಿ ಎಲ್ಲ ಮಾತಾಡುತ್ತಾರೆ. ಇವರ ಹಿರಿಯರಲ್ಲಿ ಹಲವರನ್ನು ಪೋರ್ಚುಗೀಸರು ಮೊಝಾಂಬಿಕ್ ಕಡೆಯಿಂದ ಹಡಗಿನಲ್ಲಿ ತುಂಬಿ ಗೋವಾಕ್ಕೆ ತಂದು ಮಾರಿದರು. ತಪ್ಪಿಸಿಕೊಂಡವರು ಘಟ್ಟ ಹತ್ತಿ ಈ ಅಡವಿಯನ್ನು ಸೇರಿದರು. ಪೋರ್ಚುಗೀಸರ ಆಳ್ವಿಕೆಯಲ್ಲಿ ಗುಲಾಮಗಿರಿ ಕಾಗದದ ಮೇಲೆ ಮುಗಿದದ್ದು 1869ರಲ್ಲಿ. ಕಾಗದದ ಮೇಲೆ ಮುಗಿದದ್ದು ನೆಲದ ಮೇಲೆ ಎಷ್ಟು ದಿನ ಉಳಿಯುತ್ತದೆ ಅನ್ನುವುದನ್ನು ನಮ್ಮ ಕೇರಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇವರಿಗಿಂತ ಮುಂಚೆಯೂ ಆಫ್ರಿಕಾದವರು ದಖ್ಖನಿಗೆ ಬಂದಿದ್ದರು. ಅವರನ್ನು ಹಬಶಿಗಳು ಅಂತ ಕರೆದರು. ಇಥಿಯೋಪಿಯಾದಲ್ಲಿ 1548ರ ಸುಮಾರಿಗೆ ಹುಟ್ಟಿದ ಚಾಪು ಎಂಬ ಹುಡುಗ ಕೈಯಿಂದ ಕೈಗೆ ಮಾರಾಟವಾಗಿ, ಬಾಗ್ದಾದ್ ದಾಟಿ, ಅಹಮದ್‌ನಗರಕ್ಕೆ ಬಂದ. ಅಲ್ಲಿ ಅವನನ್ನು ಕೊಂಡುಕೊಂಡ ಮಂತ್ರಿ ಚಂಗೀಜ್ ಖಾನನೂ ಹಬಶಿಯೇ. ಈ ಹುಡುಗನೇ ಮುಂದೆ ಮಲಿಕ್ ಅಂಬರ್ ಆದ. 1600ರಿಂದ 1626ರಲ್ಲಿ ಸಾಯುವವರೆಗೆ ನಿಜಾಮಶಾಹಿಯ ಲಗಾಮು ಅವನ ಕೈಯಲ್ಲಿತ್ತು. ಮೊಘಲ್ ದೊರೆ ಜಹಾಂಗೀರನಿಗೆ ಇವನನ್ನು ಸೋಲಿಸಿ ಮುಗಿಸಲು ಆಗಲಿಲ್ಲ. ಸಿಟ್ಟಿಗೆ ಚಿತ್ರಕಾರನ ಕೈಯಲ್ಲಿ ಒಂದು ಚಿತ್ರ ಬರೆಸಿಕೊಂಡ: ಭೂಗೋಳದ ಮೇಲೆ ನಿಂತ ಜಹಾಂಗೀರ, ಅಂಬರನ ಕಡಿದ ರುಂಡಕ್ಕೆ ಬಾಣ ಬಿಡುತ್ತಿದ್ದಾನೆ. ರಣದಲ್ಲಿ ಆಗದ್ದನ್ನು ಬಣ್ಣದಲ್ಲಿ ತೀರಿಸಿಕೊಂಡ!

ಯುದ್ಧದ ಕಥೆ ಹಾಗಿರಲಿ, ನಮಗೆ ಬೇಕಾದದ್ದು ನೀರಿನ ಕಥೆ. 1610ರಲ್ಲಿ ಅಂಬರ್ ಖಡಕಿ ಎಂಬಲ್ಲಿ ಊರು ಕಟ್ಟಿಸಿದ. ಅದೇ ಮುಂದೆ ಔರಂಗಾಬಾದ್, ಈಗ ಛತ್ರಪತಿ ಸಂಭಾಜಿನಗರ. ಒಣ ನೆಲ. ಊರೇನೋ ಕಟ್ಟಬಹುದು, ನೀರು? ಉತ್ತರದ ಗುಡ್ಡಗಳ ಬುಡದಲ್ಲಿ ನೆಲದೊಳಗೆ ಬಸಿಯುವ ನೀರನ್ನು ಕೂಡಿಸಿ, ನೆಲದಡಿಯ ಕಾಲುವೆಯಲ್ಲಿ ಹಗುರ ಇಳಿಜಾರು ಕೊಟ್ಟು, ಊರಿನ ತೊಟ್ಟಿಗಳವರೆಗೆ ಹರಿಸಿದರು. ಎತ್ತಿಲ್ಲ, ಕಪಿಲೆಯಿಲ್ಲ, ಯಂತ್ರವಿಲ್ಲ. ನೀರಿನ ತೂಕವೇ ನೀರನ್ನು ನಡೆಸುತ್ತಿತ್ತು. ಒಳಗೆ ಗಾಳಿ ಕಟ್ಟಿಕೊಂಡು ನೀರು ನಿಲ್ಲಬಾರದೆಂದು ದಾರಿಯುದ್ದಕ್ಕೂ ಗಾಳಿಕಂಬಗಳನ್ನು ಎಬ್ಬಿಸಿದರು. ಕೆಸರು ತೆಗೆಯಲು ಇಳಿಯುವ ಬಾಯಿಗಳನ್ನು ಬಿಟ್ಟರು. ಇದಕ್ಕೆ ನಹರ್-ಎ-ಅಂಬರಿ ಎಂದು ಹೆಸರು. ಶತಮಾನಗಳ ಕಾಲ ಆ ಊರು ಈ ನೀರು ಕುಡಿಯಿತು. ನಮ್ಮ ಬೀದರಿನ ಸುರಂಗ ಬಾವಿಯನ್ನು ನೋಡಿದವರಿಗೆ ಈ ಜಾತಿಯ ವಿದ್ಯೆ ಬೇಗ ತಿಳಿಯುತ್ತದೆ.

ಇತ್ತ ವಿಜಾಪುರದಲ್ಲಿ 1620ರ ತಾಜ್ ಬಾವಡಿಯನ್ನು ಕಟ್ಟಿಸಿದವನು ಮಲಿಕ್ ಸಂದಲ್. ಇಬ್ರಾಹಿಂ ರೋಜಾದ ಶಾಸನದಲ್ಲಿಯೂ ಅವನ ಹೆಸರಿದೆ. ಆತ ಹಬಶಿ ಎಂದು ಹಲವು ಇತಿಹಾಸಕಾರರು ಬರೆದಿದ್ದಾರೆ. ಇರಾನಿನವನು ಎನ್ನುವವರೂ ಇದ್ದಾರೆ. ಕಪ್ಪು ಮನುಷ್ಯನೊಬ್ಬ ಅಂಥ ಗುಮ್ಮಟವನ್ನು ತಲೆಯಲ್ಲಿ ಕಂಡಿರಲಾರ ಎಂಬ ಅನುಮಾನ ಮಾತ್ರ ಇದಕ್ಕೆ ಕಾರಣವಾಗದಿರಲಿ.

ಇಲ್ಲಿ ಒಂದು ಮಾತು. ಅರಸರ, ಮಂತ್ರಿಗಳ ಗುಣಗಾನ ನಮಗೆ ಬೇಡ. ಅಂಬರನಿಗೂ ಸೈನ್ಯವಿತ್ತು, ಆಳುಗಳಿದ್ದರು. ಕಾಲುವೆ ತೋಡುವಾಗ ಮಣ್ಣು ಹೊತ್ತವರ ಹೆಸರು ನಮಗೆ ಬಂದು ಮುಟ್ಟಿಲ್ಲ. ಅಂಬರನ ವಂಶವೇ ನಮ್ಮ ಅಡವಿಯಲ್ಲಿದೆ ಎಂದೂ ನಾವು ಕಥೆ ಕಟ್ಟುತ್ತಿಲ್ಲ. ಮಾರಾಟವಾದ ಮನುಷ್ಯನ ಜೊತೆ ಅವನ ಬುದ್ಧಿಯೂ ಬಂತು, ಅವಕಾಶ ಸಿಕ್ಕಲ್ಲಿ ಅದು ನೆಲ ಕೊರೆದು ನೀರು ಹರಿಸಿತು. ಅಷ್ಟನ್ನು ಇತಿಹಾಸ ಸಾಕ್ಷಿ ಹೇಳುತ್ತದೆ.

ಹಾಗಾದರೆ ಅಡವಿ ಸೇರಿದ ಸಿದ್ದಿಗೆ ಏನು ಸಿಕ್ಕಿತು? ಒಡೆಯರ ತೋಟದ ಕೂಲಿ, ಜೇನು, ಸೌದೆ. ಸರಕಾರ ಇವರನ್ನು ಕಣ್ಣೆತ್ತಿ ನೋಡಿದ್ದು 1987ರ ಸುಮಾರಿಗೆ. ಅದೂ ಹೇಗೆ? ಆಫ್ರಿಕಾದವರು ಚೆನ್ನಾಗಿ ಓಡುತ್ತಾರೆ, ಇವರೂ ಓಡಿ ದೇಶಕ್ಕೆ ಪದಕ ತರಲಿ ಎಂದು ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಒಯ್ದು ತರಬೇತಿ ಕೊಟ್ಟಿತು. ಮಕ್ಕಳು ರಾಷ್ಟ್ರಮಟ್ಟದಲ್ಲಿ ಗೆದ್ದೂ ತೋರಿಸಿದರು. 1993ಕ್ಕೆ ಯೋಜನೆ ನಿಂತುಹೋಯಿತು. ಮಕ್ಕಳು ತಿರುಗಿ ಅಡವಿಗೆ ಬಂದರು. ಸರಕಾರಕ್ಕೆ ಅವರ ಕಾಲು ಕಂಡವು, ತಲೆ ಕಾಣಲಿಲ್ಲ.

ನಮ್ಮ ಜೋಡಿ ಹೈಸ್ಕೂಲಿನಲ್ಲಿ ಕಲಿತ ಒಬ್ಬ ಸಿದ್ದಿ ಗೆಳೆಯ. ಕೆಟ್ಟ ಟಾರ್ಚು, ರೇಡಿಯೋ, ಮೊಬೈಲು, ಏನು ಕೊಟ್ಟರೂ ಬಿಚ್ಚಿ ಮತ್ತೆ ಜೋಡಿಸೋನು. ಆಟೋಟದ ದಿನ ಬಂತೆಂದರೆ ಮಾಸ್ತರರು 'ಏ, ನಿಮ್ಮ ಮಂದಿಗೆ ಓಡೂದು ಹುಟ್ಟಾನ ಬರ್ತೈತಿ, ನಿನ್ನ ಹೆಸರು ಬರಕೊಂಡೇನಿ ನೋಡು' ಅನ್ನೋರು. ವಿಜ್ಞಾನ ಪ್ರದರ್ಶನಕ್ಕೆ ಅವನ ಹೆಸರನ್ನು ಯಾರೂ ಬರೆದುಕೊಳ್ಳಲಿಲ್ಲ. 2018ರಲ್ಲಿ ಪಿಯುಸಿ ಸೈನ್ಸ್ ಪಾಸಾದ. ಎಂಜಿನಿಯರಿಂಗ್ ಓದಬೇಕೆಂಬ ಆಸೆ. ಅವನ ಚಿಗವ್ವನ ಮಗ ಹಳಿಯಾಳ ತಾಲೂಕಿನವ. ಆ ಹುಡುಗನಿಗೆ ಪರಿಶಿಷ್ಟ ಪಂಗಡದ ಪ್ರಮಾಣಪತ್ರ ಇತ್ತು. ಇವನಿಗೆ ಇಲ್ಲ!

ಯಾಕೆ? 2003ರಲ್ಲಿ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದಾಗ ಕಾನೂನು 'ಉತ್ತರ ಕನ್ನಡ ಜಿಲ್ಲೆಯಲ್ಲಿ' ಎಂದು ಗೆರೆ ಎಳೆಯಿತು. ಅದೇ ಅಡವಿ, ಅದೇ ಜನ, ಅವರ ನಡುವೆಯೇ ಹೆಣ್ಣು ಕೊಟ್ಟು ತರುವ ಬೀಗತನ. ಆದರೆ ಜಿಲ್ಲೆಯ ಗಡಿಕಲ್ಲು ದಾಟಿ ಈಚೆ ಬಂದ ಕೂಡಲೆ ಸಿದ್ದಿ ಪಂಗಡದವನಲ್ಲ. 2016ರಲ್ಲಿ ಧಾರವಾಡಕ್ಕೆ ಐಐಟಿ ಬಂತು. ಅಂಥ ಕೇಂದ್ರ ಸಂಸ್ಥೆಗಳಲ್ಲಿ ಪರಿಶಿಷ್ಟ ಪಂಗಡಕ್ಕೆ ಶೇ. 7.5 ಸೀಟು. ಯಲ್ಲಾಪುರದ ಸಿದ್ದಿ ಅದಕ್ಕೆ ಅರ್ಜಿ ಹಾಕಬಹುದಿತ್ತು. ಐಐಟಿ ಇರುವ ಧಾರವಾಡ ಜಿಲ್ಲೆಯದೇ ಸಿದ್ದಿ ಹಾಕುವಂತಿರಲಿಲ್ಲ. ಬೆಳಗಾವಿ, ಧಾರವಾಡ ಜಿಲ್ಲೆಗಳ ಸಿದ್ದಿಗಳನ್ನು ಸಂಸತ್ತು ಪಟ್ಟಿಗೆ ಸೇರಿಸಿದ್ದು 2020ರಲ್ಲಿ. ನಡುವೆ ಹದಿನೇಳು ವರ್ಷ. ಒಂದು ಕೂಸು ಹುಟ್ಟಿ ಪಿಯುಸಿ ಮುಟ್ಟುವಷ್ಟು ಕಾಲ. ನಮ್ಮ ಗೆಳೆಯ ಈಗ ಹುಬ್ಬಳ್ಳಿಯ ಒಂದು ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿದ್ದಾನೆ. ರೈತರ ಬೋರಿನ ಮೋಟಾರು ಸುಟ್ಟು ಬಂದರೆ ತಂತಿ ಸುತ್ತಿ ಮತ್ತೆ ನೀರೆತ್ತುವ ಹಾಗೆ ಮಾಡಿಕೊಡುತ್ತಾನೆ. ಅವನನ್ನು ಯಾರೂ ಎಂಜಿನಿಯರ್ ಅನ್ನುವುದಿಲ್ಲ.

'ಪ್ರತಿಭೆ ಇದ್ದವ ಹೆಂಗಾರ ಮ್ಯಾಲೆ ಬರ್ತಾನ' ಎನ್ನುವವರಿಗೆ ಒಂದು ಹಳೆಯ ಸಂಗತಿ ನೆನಪು ಮಾಡಬೇಕು. ಎಂಜಿನಿಯರರ ದಿನ ಎಂದು ನಾವು ಹೂಮಾಲೆ ಹಾಕುವ ವಿಶ್ವೇಶ್ವರಯ್ಯನವರು 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆದರು. ಮರುವರ್ಷ ಮೈಸೂರಿನ ಅರಸರು ಹಿಂದುಳಿದವರಿಗೆ ನೌಕರಿಯಲ್ಲಿ ಪಾಲು ಕೊಡುವ ವಿಚಾರಕ್ಕೆ ಮಿಲ್ಲರ್ ಸಮಿತಿ ನೇಮಿಸಿದರು. ದಿವಾನರು ಅದನ್ನು ಒಪ್ಪಲಿಲ್ಲ, ಅದೇ ವರ್ಷ ಹುದ್ದೆ ಬಿಟ್ಟರು. ಅಣೆಕಟ್ಟಿಗೆ ನೀರು ನಿಲ್ಲಿಸುವ ಲೆಕ್ಕ ಗೊತ್ತಿದ್ದವರಿಗೆ, ನಿಂತ ನೀರು ಕೆಳಗಿನ ಗದ್ದೆಗೂ ಹರಿಯಬೇಕೆಂಬ ಲೆಕ್ಕ ಯಾಕೆ ಒಪ್ಪಿಗೆಯಾಗಲಿಲ್ಲ?

ಇನ್ನು ಆ ನಗುವಿನ ಮಾತಿಗೆ ಬರೋಣ. ಆಫ್ರಿಕಾದಲ್ಲಿ ಎಂಜಿನಿಯರ್ ಎಲ್ಲಿ ಅಂದರಲ್ಲ, ಕೇಳಿ. 2007ರ ಮಾರ್ಚಿನಲ್ಲಿ ಕೀನ್ಯಾದಲ್ಲಿ ಎಂ-ಪೆಸಾ ಶುರುವಾಯಿತು. ಬ್ಯಾಂಕಿನ ಮೆಟ್ಟಿಲು ಹತ್ತದ ಹೆಂಗಸು ಸಾದಾ ಗುಂಡಿಯ ಮೊಬೈಲಿನಿಂದ ಊರಿಗೆ ದುಡ್ಡು ಕಳಿಸಿದಳು, ಓಣಿಯ ಅಂಗಡಿಯಲ್ಲಿ ಅವಳ ಅವ್ವ ಆ ದುಡ್ಡು ಎಣಿಸಿಕೊಂಡಳು. ನಮ್ಮ ಯುಪಿಐ ಬಂದದ್ದು 2016ರಲ್ಲಿ. ಎಂ-ಪೆಸಾದ ಹಿಂದೆ ಬ್ರಿಟನ್ನಿನ ವೊಡಾಫೋನ್ ಕಂಪನಿಯ ಕೈಯೂ ಇತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ 2008ರಲ್ಲಿ ಚುನಾವಣೆಯ ನಂತರ ರಕ್ತ ಹರಿದಾಗ, ಎಲ್ಲಿ ಯಾರ ಮೇಲೆ ಹಲ್ಲೆಯಾಯಿತೆಂದು ಜನರೇ ಮೊಬೈಲಿನಲ್ಲಿ ತಿಳಿಸಿ ನಕಾಶೆಯ ಮೇಲೆ ಗುರುತು ಮಾಡುವ ಉಶಾಹಿದಿಯನ್ನು ಕಟ್ಟಿದವರಲ್ಲಿ ಓರಿ ಒಕೊಲ್ಲೊ, ಜೂಲಿಯಾನಾ ರೋಟಿಚ್, ಡೇವಿಡ್ ಕೊಬಿಯಾ ಎಂಬ ಕೀನ್ಯಾದವರಿದ್ದರು. ಉಶಾಹಿದಿ ಅಂದರೆ ಸ್ವಾಹಿಲಿಯಲ್ಲಿ ಸಾಕ್ಷಿ. ನೈರೋಬಿ, ಲಾಗೋಸ್‌ಗಳ ಹುಡುಗರು ಇವತ್ತು ತಮ್ಮತಮ್ಮಲ್ಲಿ ಚರ್ಚೆ ಮಾಡುವುದೇನು? ಸ್ವಂತ ಕಂಪನಿ ಕಟ್ಟಬೇಕೋ, ಪರದೇಶದ ನೌಕರಿಗೆ ಹೋಗಬೇಕೋ? ಹೂಡಿಕೆಯ ಹಣ ಹೊರಗಿನಿಂದ ಬಂದ ಬಿಳಿಯರ ಕಂಪನಿಗಳಿಗೇ ಯಾಕೆ ಹೋಗುತ್ತದೆ? ಈ ಎರಡನೆಯ ಪ್ರಶ್ನೆ ನಮ್ಮ ಕಿವಿಗೆ ಹೊಸದೇನೂ ಅಲ್ಲ.

ಅಲ್ಲಿಂದ ಕಂಪ್ಯೂಟರ್, ವ್ಯಾಪಾರ, ಔಷಧ ಶಾಸ್ತ್ರ ಕಲಿಯಲು ಬೆಂಗಳೂರಿಗೆ ಬಂದವರನ್ನು ನಾವು ನಡೆಸಿಕೊಂಡದ್ದು ಹೇಗೆ? 2016ರ ಜನವರಿ 31ರ ರಾತ್ರಿ ಸೂಡಾನಿನವನೊಬ್ಬನ ಕಾರಿಗೆ ಸಿಕ್ಕಿ ಒಬ್ಬ ಹೆಣ್ಣುಮಗಳು ಸತ್ತಳು. ಆಮೇಲೆ ಆ ದಾರಿಯಲ್ಲಿ ಬಂದ, ಅದಕ್ಕೆ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಗುಂಪು ಹಿಡಿದು ಹೊಡೆಯಿತು, ಬಟ್ಟೆ ಹರಿಯಿತು, ಕಾರು ಸುಟ್ಟಿತು. ಕಪ್ಪು ಮೈ ಕಂಡರೆ ಸಾಕು, ಯಾವ ದೇಶ ಎಂದು ಕೇಳುವ ತಾಳ್ಮೆಯೂ ಇರಲಿಲ್ಲ.

ಕಲಘಟಗಿ, ಅಳ್ನಾವರ, ಖಾನಾಪುರ ಕಡೆಯ ಮಾಸ್ತರರಲ್ಲಿ, ಅಕ್ಕೋರಲ್ಲಿ ನಮ್ಮ ಬೇಡಿಕೆ ಇಷ್ಟು. ನಿಮ್ಮ ಶಾಲೆಯ ದಾಖಲೆ ಪುಸ್ತಕ ತೆಗೆದು ಸಿದ್ದಿ ಮಕ್ಕಳ ಜಾತಿಯ ಕಾಲಂ ನೋಡಿರಿ. ಬರೀ 'ಮುಸ್ಲಿಂ', ಬರೀ 'ಕ್ರಿಶ್ಚಿಯನ್' ಎಂದು ಬರೆದು ಬಿಟ್ಟದ್ದನ್ನು ನಾವು ಕಂಡಿದ್ದೇವೆ. ತಹಶೀಲ್ದಾರ್ ಕಚೇರಿಯಲ್ಲಿ ಅಜ್ಜನ ಶಾಲೆಯ ದಾಖಲೆ ಕೇಳುತ್ತಾರೆ, ಅಜ್ಜ ಶಾಲೆಯ ಕಟ್ಟೆಯನ್ನೇ ಹತ್ತಿರುವುದಿಲ್ಲ. ಮಕ್ಕಳು ಎಸ್ಸೆಸ್ಸೆಲ್ಸಿಗೆ ಬರುವ ಮುಂಚೆಯೇ ಈ ಕಾಗದ ಸರಿ ಮಾಡಿಸಿರಿ. ಸಿಇಟಿ ಅರ್ಜಿಯ ಕೊನೆಯ ದಿನ ಓಡಾಡಿದರೆ ಆಗುವುದಿಲ್ಲ. ಇನ್ನು ವಿಜ್ಞಾನ ಪ್ರದರ್ಶನಕ್ಕೆ ಹೆಸರು ಬರೆದುಕೊಳ್ಳುವಾಗ ಹಿಂದಿನ ಬೆಂಚಿನ ಕಡೆಗೂ ಒಮ್ಮೆ ನೋಡಿರಿ.