ಅಜ್ಜನ ಪಾಪಕ್ಕೆ ಮೊಮ್ಮಗನ ಮೇಲೆ ಕೇಸು

ವೈ.ಎಸ್.ವಿ. ದತ್ತ ಅನ್ನೋ ಹೆಸರಿನಲ್ಲಿ ‘ವೈ’ ಅಂದರೆ ಯಗಟಿ. ಚಿಕ್ಕಮಗಳೂರು ಜಿಲ್ಲೆ ಕಡೂರು ತಾಲ್ಲೂಕಿನ ಊರು. ದತ್ತ ಹುಟ್ಟಿನಿಂದ ಬ್ರಾಹ್ಮಣರು, ವೃತ್ತಿಯಿಂದ ಮೇಷ್ಟ್ರು, ರಾಜಕೀಯದಲ್ಲಿ ದೇವೇಗೌಡರ ಗರಡಿಯವರು. ಬರೀ ಬ್ರಾಹ್ಮಣರ ಮತ ನಂಬಿಕೊಂಡು ಕಡೂರಿನಲ್ಲಿ ಯಾರೂ ವಿಧಾನಸಭೆಗೆ ಹೋಗೋಕೆ ಆಗಲ್ಲ. ಆದರೂ 2013ರಲ್ಲಿ ಅಲ್ಲಿನ ಜನ ಈ ಮೇಷ್ಟ್ರನ್ನು ಜೆಡಿಎಸ್‌ನಿಂದ ಗೆಲ್ಲಿಸಿದರು. 2018ರಲ್ಲಿ ಸೋಲಿಸಿದರು. 2023ರ ಜನವರಿಯಲ್ಲಿ ದತ್ತ ಕಾಂಗ್ರೆಸ್ ಸೇರಿದರು, ಟಿಕೆಟ್ ಸಿಗಲಿಲ್ಲ, ಏಪ್ರಿಲ್‌ನಲ್ಲಿ ಮತ್ತೆ ಜೆಡಿಎಸ್‌ಗೆ ಬಂದರು, ಮತ್ತೆ ಸೋತರು. ಆ ಗೆಲುವನ್ನು ಯಾರೂ ಬ್ರಾಹ್ಮಣ ಪ್ರೀತಿ ಅನ್ನಲಿಲ್ಲ, ಸೋಲನ್ನು ಬ್ರಾಹ್ಮಣ ದ್ವೇಷ ಅಂತಲೂ ಅನ್ನಲಿಲ್ಲ. ಊರಿನ ಮಟ್ಟಿಗೆ ಇಷ್ಟು ಸರಳ ಇರೋ ವಿಷಯ ಬೆಂಗಳೂರಿನ ಮೈಕ್ ಮುಂದೆ ಬಂದಾಗ ಏನಾಗುತ್ತೆ ನೋಡಿ.

ಅದೇ 2023ರ ಫೆಬ್ರವರಿ. ಚುನಾವಣೆಗೆ ಮೂರು ತಿಂಗಳು. ಪ್ರಹ್ಲಾದ್ ಜೋಶಿಯವರನ್ನು ಮುಖ್ಯಮಂತ್ರಿ ಮಾಡಲು ಬಿಜೆಪಿಯಲ್ಲಿ ತಯಾರಿ ನಡೆದಿದೆ ಅಂತ ಎಚ್.ಡಿ. ಕುಮಾರಸ್ವಾಮಿ ಹೇಳಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಅದು ರಾಜಕೀಯ ಭವಿಷ್ಯ, ಅಷ್ಟೇ. ಮುಂದುವರಿದು, ಜೋಶಿ ನಮ್ಮ ಹಳೇ ಕರ್ನಾಟಕದ ಬ್ರಾಹ್ಮಣ ಪರಂಪರೆಯವರಲ್ಲ, ಪೇಶ್ವೆ ಮೂಲದವರು, ಶೃಂಗೇರಿಯ ಮೇಲೆ ದಾಳಿ ಮಾಡಿದವರು, ಗಾಂಧೀಜಿಯನ್ನು ಕೊಂದವರು ಆ ಮೂಲದವರು ಎಂಬ ಅರ್ಥದ ಮಾತಾಡಿದರು. ಬಿಜೆಪಿ ಮುಗಿಬಿತ್ತು. ಬ್ರಾಹ್ಮಣ ಸಂಘಟನೆಗಳು ಖಂಡಿಸಿದವು. ಇಡೀ ಸಮುದಾಯದ ಬಗ್ಗೆ ನಾನು ಹೇಳಿಲ್ಲ ಅಂತ ಕುಮಾರಸ್ವಾಮಿ ಸ್ಪಷ್ಟನೆ ಕೊಟ್ಟರು. ಚಾನೆಲ್‌ಗಳಿಗೆ ಒಂದು ವಾರದ ಚರ್ಚೆ ಸಿಕ್ಕಿತು.

ಆಮೇಲೆ? 2023ರ ಸೆಪ್ಟೆಂಬರ್‌ನಲ್ಲಿ ಬಿಜೆಪಿ-ಜೆಡಿಎಸ್ ಮೈತ್ರಿ ಆಯ್ತು. 2024ರ ಜೂನ್‌ನಲ್ಲಿ ಕುಮಾರಸ್ವಾಮಿ, ಜೋಶಿ ಇಬ್ಬರೂ ಮೋದಿ ಸಂಪುಟದ ಮಂತ್ರಿಗಳಾದರು. ಮೈತ್ರಿ ಮಾಡಿಕೊಳ್ಳೋದು ಅವರ ಹಕ್ಕು. ನಾನು ಕೇಳ್ತಿರೋದು ಬೇರೆ. ಒಂದು ಸಮುದಾಯಕ್ಕೆ ಅವಮಾನ ಆಗಿದೆ ಅನ್ನೋ ಆರೋಪ ನಿಜವಾಗಿದ್ದರೆ ಅದು ಎಲ್ಲಿ ಹೋಯ್ತು? ಸುಳ್ಳಾಗಿದ್ದರೆ ಆರೋಪ ಮಾಡಿದವರು ಯಾವಾಗ ವಾಪಸ್ ತಗೊಂಡರು? ಎರಡೂ ಆಗಲಿಲ್ಲ. ಆರೋಪ ಸೀಟು ಹಂಚಿಕೆಯಲ್ಲಿ ಕರಗಿಹೋಯ್ತು.

ಇದು ನಮ್ಮಲ್ಲಿ ಮಾತ್ರ ನಡೆದ ಕಥೆ ಅಲ್ಲ. ಹುಟ್ಟನ್ನು ಹಿಡಿದು ಹಳಿಯೋದು, ಹಾಗೆ ಹಳಿದ ಆರೋಪವನ್ನೇ ಆಯುಧ ಮಾಡಿಕೊಳ್ಳೋದು, ಎರಡಕ್ಕೂ ಜಗತ್ತಿನಲ್ಲಿ ಅತ್ಯಂತ ಉದ್ದದ ದಾಖಲೆ ಇರೋದು ಯಹೂದಿಗಳ ಚರಿತ್ರೆಯಲ್ಲಿ. ಜರ್ಮನಿಯ ಯಹೂದಿಯ ಪಾಡೂ ಕರ್ನಾಟಕದ ಬ್ರಾಹ್ಮಣನ ಸ್ಥಿತಿಯೂ ಒಂದೇ ಅಂತ ನಾನು ಹೇಳ್ತಿಲ್ಲ, ಖಂಡಿತ ಒಂದೇ ಅಲ್ಲ. ಅಲ್ಲಿ ಅರವತ್ತು ಲಕ್ಷ ಜನರನ್ನು ಕೊಂದರು. ಆದರೆ ಆ ದಾರಿಯ ಮೊದಲ ಮೈಲಿಗಲ್ಲು ಹೇಗಿತ್ತು ಅಂತ ತಿಳಿಯೋಕೆ ಅಲ್ಲಿಗೇ ಹೋಗಬೇಕು.

ಶತಮಾನಗಳ ಕಾಲ ಯೂರೋಪಿನ ಕ್ರೈಸ್ತರಿಗೆ ಹೇಳಿಕೊಟ್ಟಿದ್ದು ಒಂದು ಮಾತು: ಯೇಸುವನ್ನು ಕೊಂದವರು ಯಹೂದಿಗಳು. ಸಾವಿರ ವರ್ಷ ಕಳೆದ ಮೇಲೂ ಪಕ್ಕದ ಬೀದಿಯ ಬಡ ಯಹೂದಿ ಅದಕ್ಕೆ ಉತ್ತರ ಕೊಡಬೇಕಿತ್ತು. ಕ್ಯಾಥೊಲಿಕ್ ಚರ್ಚ್ ಇದನ್ನು ಅಧಿಕೃತವಾಗಿ ಕೈಬಿಟ್ಟಿದ್ದು 1965ರಲ್ಲಿ, ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ. ಆ ಸಾವಿನ ಹೊಣೆಯನ್ನು ಅಂದಿನ ಎಲ್ಲ ಯಹೂದಿಗಳ ಮೇಲಾಗಲಿ ಇಂದಿನ ಯಹೂದಿಗಳ ಮೇಲಾಗಲಿ ಹೊರಿಸುವಂತಿಲ್ಲ ಎಂದಿತು. ಆ ಒಂದು ವಾಕ್ಯ ಬರೋ ಹೊತ್ತಿಗೆ ಆಶ್‌ವಿಟ್ಜ್ ಮುಗಿದು ಇಪ್ಪತ್ತು ವರ್ಷ ಆಗಿತ್ತು.

ಈಗ ನಮ್ಮ ಶೃಂಗೇರಿಗೆ ಬನ್ನಿ. 1791ರಲ್ಲಿ ಮರಾಠಾ ಸೇನೆಯ ಕಡೆಯವರು ಶೃಂಗೇರಿಯನ್ನು ಲೂಟಿ ಮಾಡಿದ್ದು ಸುಳ್ಳಲ್ಲ. ಆಗ ಮಠಕ್ಕೆ ನೆರವು ಕೊಟ್ಟಿದ್ದು ಟಿಪ್ಪು ಸುಲ್ತಾನ್. ಆ ಪತ್ರಗಳನ್ನು 1916ರಲ್ಲಿ ಬೆಳಕಿಗೆ ತಂದವರು ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್. ಯಗಟಿ ಇರೋ ಜಿಲ್ಲೆಯಲ್ಲೇ ಶೃಂಗೇರಿಯೂ ಇದೆ, ಈ ಕಥೆ ಅಲ್ಲಿನವರಿಗೆ ಹೊಸದಲ್ಲ. ಚರಿತ್ರೆ ನಿಜ. ಆದರೆ 1791ರ ಲೂಟಿಗೂ 2023ರ ಒಬ್ಬ ಸಂಸದನಿಗೂ ಏನು ಸಂಬಂಧ? ಜೋಶಿಯವರ ಖಾತೆ ಬಗ್ಗೆ ಕೇಳಿ, ಮಹದಾಯಿ ಬಗ್ಗೆ ಕೇಳಿ, ಧಾರವಾಡಕ್ಕೆ ಏನು ಮಾಡಿದಿರಿ ಅಂತ ಕೇಳಿ. ಅದು ಅವರು ಮಾಡಿದ, ಮಾಡದ ಕೆಲಸ. ಶೃಂಗೇರಿ ಲೂಟಿ ಅವರ ಕೆಲಸ ಅಲ್ಲ.

‘ಗಾಂಧಿಯನ್ನು ಕೊಂದವರು’ ಅನ್ನೋ ಮಾತಿಗೂ ಒಂದು ಚರಿತ್ರೆ ಇದೆ. 1948ರ ಜನವರಿ 30ರಂದು ಗುಂಡು ಹಾರಿಸಿದ್ದು ನಾಥೂರಾಮ್ ಗೋಡ್ಸೆ. ಗೋಡ್ಸೆ ಬ್ರಾಹ್ಮಣ ಅಂತ ಗೊತ್ತಾದ ಮೇಲೆ ಸಾತಾರಾ, ಸಾಂಗ್ಲಿ, ಕೊಲ್ಹಾಪುರ ಭಾಗದಲ್ಲಿ ಬ್ರಾಹ್ಮಣರ ಮನೆ, ಅಂಗಡಿಗಳಿಗೆ ಬೆಂಕಿ ಇಟ್ಟರು. ಗೋಡ್ಸೆಯ ಹೆಸರನ್ನೇ ಕೇಳದ ಕುಟುಂಬಗಳು ಊರು ಬಿಟ್ಟವು. ಇದು ನಮ್ಮ ಬೆಳಗಾವಿ ಗಡಿಯಿಂದ ದೂರದ ಊರುಗಳ ಕಥೆಯೇನೂ ಅಲ್ಲ. ಒಬ್ಬ ಮಾಡಿದ ಕೊಲೆ ಒಂದು ಜಾತಿ ಮಾಡಿದ ಕೊಲೆಯಾದಾಗ ಬೆಂಕಿಗೆ ವಿಳಾಸ ಸಿಗುತ್ತೆ.

ಒಂದು ಪಕ್ಷದ ಮೇಲಷ್ಟೇ ಹೇಳಿದರೆ ಅನ್ಯಾಯ. ಅದೇ 2023ರ ಫೆಬ್ರವರಿಯಲ್ಲೇ, ಕೊಪ್ಪಳ ಜಿಲ್ಲೆಯ ಯಲಬುರ್ಗಾದಲ್ಲಿ, ಆಗಿನ ಬಿಜೆಪಿ ರಾಜ್ಯಾಧ್ಯಕ್ಷ ನಳಿನ್ ಕುಮಾರ್ ಕಟೀಲ್ ಮಾತಾಡಿದರು. ನಾವು ರಾಮನ, ಹನುಮನ ಭಕ್ತರು, ಟಿಪ್ಪು ಸಂತತಿಯಲ್ಲ, ಟಿಪ್ಪು ಸಂತತಿಯನ್ನು ಮನೆಗೆ ಕಳಿಸಬೇಕು ಎಂಬ ಅರ್ಥದ ಮಾತು. ಟಿಪ್ಪುವಿನ ಆಡಳಿತವನ್ನು ಎಷ್ಟು ಬೇಕಾದರೂ ಟೀಕಿಸಿ, ಅದಕ್ಕೆ ಆಧಾರವೂ ಇದೆ. ಆದರೆ 1799ರಲ್ಲಿ ಸತ್ತ ರಾಜನಿಗೆ 2023ರಲ್ಲಿ ಸಂತತಿ ಹುಡುಕೋದು ಯಾಕೆ? ಒಬ್ಬರು ಪೇಶ್ವೆಯ ಲೆಕ್ಕವನ್ನು ಬ್ರಾಹ್ಮಣನ ಬಾಗಿಲಿಗೆ ತಂದರು, ಇನ್ನೊಬ್ಬರು ಟಿಪ್ಪುವಿನ ಲೆಕ್ಕವನ್ನು ಮುಸಲ್ಮಾನನ ಬಾಗಿಲಿಗೆ ತಂದರು. ಮೊದಲನೆಯದಕ್ಕೆ ಕೂಗಾಡಿದವರು ಎರಡನೆಯದಕ್ಕೆ ಚಪ್ಪಾಳೆ ಹೊಡೆದರು. ಎರಡನೆಯದಕ್ಕೆ ಕೂಗಾಡಿದವರಲ್ಲಿ ಎಷ್ಟೋ ಜನಕ್ಕೆ ಮೊದಲನೆಯದು ತಮಾಷೆಯಾಗಿತ್ತು.

ಈಗ ಮಾಧ್ಯಮದ ಮಾತು. ನನ್ನ ಬೀದಿಯ ಕಸ ನಾನು ಹೇಳದೆ ಬೇರೆಯವರ ಬೀದಿ ತೋರಿಸೋದು ಸರಿಯಲ್ಲ.

1879ರಲ್ಲಿ ವಿಲ್ಹೆಲ್ಮ್ ಮಾರ್ ಅನ್ನೋ ಜರ್ಮನ್ ಪತ್ರಕರ್ತ ‘ಆಂಟಿಸೆಮಿಟಿಸಂ’ ಅನ್ನೋ ಪದವನ್ನು ಚಲಾವಣೆಗೆ ತಂದ. ಬೈಗುಳವಾಗಿ ಅಲ್ಲ, ಹೆಮ್ಮೆಯ ಬ್ಯಾನರ್ ಆಗಿ. ಆ ಹೆಸರಲ್ಲಿ ಒಂದು ಸಂಘವನ್ನೇ ಕಟ್ಟಿದ. 1892ರಲ್ಲಿ ಪ್ಯಾರಿಸ್‌ನಲ್ಲಿ ಎದುವಾರ್ ದ್ರ್ಯುಮೋಂ ಯಹೂದಿ ದ್ವೇಷಕ್ಕೆಂದೇ ಒಂದು ದಿನಪತ್ರಿಕೆ ಶುರು ಮಾಡಿದ. ಎರಡು ವರ್ಷಕ್ಕೆ ಡ್ರೈಫಸ್ ಎಂಬ ಯಹೂದಿ ಸೇನಾಧಿಕಾರಿಯ ಬಂಧನವಾದಾಗ ಆ ಪತ್ರಿಕೆ ಕೋರ್ಟಿಗೂ ಮೊದಲೇ ತೀರ್ಪು ಬರೆಯಿತು. ಡ್ರೈಫಸ್ ನಿರಪರಾಧಿ ಅಂತ ಅಧಿಕೃತವಾಗಿ ಹೇಳೋಕೆ ಫ್ರಾನ್ಸ್‌ಗೆ 1906 ಬೇಕಾಯ್ತು. ಆತನ ಪರ ಎದ್ದು ನಿಂತಿದ್ದೂ ಒಂದು ಪತ್ರಿಕೆಯೇ: 1898ರ ಜನವರಿ 13ರಂದು ಎಮಿಲ್ ಝೋಲಾನ ಬಹಿರಂಗ ಪತ್ರವನ್ನು ಮುಖಪುಟದಲ್ಲಿ ಹಾಕಿದ ‘ಲೋರೋರ್’. ಪತ್ರಿಕೋದ್ಯಮ ಎರಡೂ ಕಡೆ ಇತ್ತು ಅನ್ನೋದನ್ನು ಮರೆಯಬಾರದು.

ಇನ್ನೂ ಹಿಂದೆ ಹೋದರೆ, 1349ರ ಫೆಬ್ರವರಿ 14. ಯೂರೋಪಿನಲ್ಲಿ ಪ್ಲೇಗು. ಬಾವಿಗಳಿಗೆ ಯಹೂದಿಗಳು ವಿಷ ಹಾಕ್ತಿದ್ದಾರೆ ಅನ್ನೋ ವದಂತಿ. ಸ್ಟ್ರಾಸ್‌ಬರ್ಗ್ ನಗರದಲ್ಲಿ ನೂರಾರು ಯಹೂದಿಗಳನ್ನು ಸುಟ್ಟರು. ಆ ದಿನಕ್ಕೆ ಆ ನಗರಕ್ಕೆ ಪ್ಲೇಗು ಇನ್ನೂ ಬಂದೇ ಇರಲಿಲ್ಲ! ರೋಗಕ್ಕಿಂತ ಮೊದಲು ರೋಗದ ಆರೋಪಿ ಸಿಕ್ಕಿದ್ದ.

2020ರ ಮಾರ್ಚ್ ಕೊನೆಯನ್ನು ನೆನಪಿಸಿಕೊಳ್ಳಿ. ದೆಹಲಿ ನಿಜಾಮುದ್ದೀನ್‌ನಲ್ಲಿ ತಬ್ಲೀಗಿ ಜಮಾತ್ ಸಭೆ, ಅಲ್ಲಿಂದ ಹೋದವರಲ್ಲಿ ಸೋಂಕು. ಅದು ಸುದ್ದಿ, ಖಂಡಿತ ಹೇಳಬೇಕಾದ ಸುದ್ದಿ. ಆದರೆ ಎರಡೇ ದಿನದಲ್ಲಿ ದೇಶದ ಸುದ್ದಿಮನೆಗಳಲ್ಲಿ ‘ಕೊರೋನಾ ಜಿಹಾದ್’ ಅನ್ನೋ ಪದ ಓಡಾಡಿತು. ‘ಒಂದು ಸಭೆಯವರು ಎಚ್ಚರ ತಪ್ಪಿದರು’ ಅನ್ನೋದು ‘ಅವರು ಬೇಕಂತಲೇ ಹರಡ್ತಿದ್ದಾರೆ’ ಅಂತಾಯ್ತು. ‘ಅವರು’ ಅಂದರೆ ಹಳ್ಳಿಯಲ್ಲಿ ತರಕಾರಿ ಮಾರೋ ಮುಸಲ್ಮಾನನೂ ಸೇರಿಕೊಂಡ. 2020ರ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್‌ನ ಔರಂಗಾಬಾದ್ ಪೀಠ ವಿದೇಶಿ ಜಮಾತ್ ಸದಸ್ಯರ ಮೇಲಿನ ಎಫ್‌ಐಆರ್‌ಗಳನ್ನು ರದ್ದು ಮಾಡುವಾಗ, ಅವರನ್ನು ಬಲಿಪಶು ಮಾಡಲಾಗಿದೆ ಎಂದಿತು, ಮಾಧ್ಯಮದ ಪ್ರಚಾರವನ್ನೂ ಟೀಕಿಸಿತು. 2021ರ ಜೂನ್‌ನಲ್ಲಿ, ನಾಗರಿಕರ ಗುಂಪೊಂದು ಕೊಟ್ಟ ದೂರಿನ ಮೇಲೆ, ಸುದ್ದಿವಾಹಿನಿಗಳೇ ಕಟ್ಟಿಕೊಂಡ ಪ್ರಾಧಿಕಾರ ಎನ್‌ಬಿಎಸ್‌ಎ, ನಿವೃತ್ತ ನ್ಯಾಯಮೂರ್ತಿ ಎ.ಕೆ. ಸಿಕ್ರಿ ಅಧ್ಯಕ್ಷತೆಯಲ್ಲಿ, ನ್ಯೂಸ್ 18 ಕನ್ನಡಕ್ಕೆ 1 ಲಕ್ಷ ರೂಪಾಯಿ, ಸುವರ್ಣ ನ್ಯೂಸ್‌ಗೆ 50 ಸಾವಿರ ರೂಪಾಯಿ ದಂಡ ಹಾಕಿತು. ಇಂಗ್ಲಿಷಿನ ಟೈಮ್ಸ್ ನೌಗೂ ಛೀಮಾರಿ ಬಿತ್ತು. ಬೇರೆ ಚಾನೆಲ್‌ನ ಹೆಸರು ಹೇಳಿ ಚಪ್ಪಾಳೆ ಗಿಟ್ಟಿಸೋಕೆ ಇದನ್ನು ಹೇಳ್ತಿಲ್ಲ. ದಂಡ ಕಟ್ಟಿದ್ದು ಎರಡು ಚಾನೆಲ್, ಕಳೆದುಕೊಂಡಿದ್ದು ಇಡೀ ವೃತ್ತಿಯ ಮಾನ.

ಹಾಗಾದರೆ ಯಾವುದೇ ಸಮುದಾಯದ ಬಗ್ಗೆ ಬಾಯಿ ಬಿಡಲೇಬಾರದಾ? ಬಿಡಬೇಕು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ಮೈಸೂರು ಸಂಸ್ಥಾನದ ಸರ್ಕಾರಿ ನೌಕರಿಗಳಲ್ಲಿ ಬ್ರಾಹ್ಮಣರೇ ತುಂಬಿದ್ದಾರೆ, ಉಳಿದವರಿಗೂ ಪಾಲು ಬೇಕು ಅನ್ನೋ ಬೇಡಿಕೆಗೆ ಉತ್ತರ ಹುಡುಕೋಕೆ. ದಿವಾನ್ ವಿಶ್ವೇಶ್ವರಯ್ಯನವರಿಗೆ ಆ ದಾರಿ ಒಪ್ಪಿಗೆ ಆಗಲಿಲ್ಲ, ಹುದ್ದೆ ಬಿಟ್ಟರು. ಆ ಬೇಡಿಕೆ ಬ್ರಾಹ್ಮಣ ದ್ವೇಷವಾ? ಅಲ್ಲ. ಅದು ಹುದ್ದೆಗಳ ಲೆಕ್ಕ ಕೇಳಿತು, ಪರಿಹಾರವಾಗಿ ನಿಯಮ ಕೇಳಿತು. ಯಾರ ರಕ್ತದ ಬಗ್ಗೆಯೂ ಮಾತಾಡಲಿಲ್ಲ. ಜಾತಿ ವ್ಯವಸ್ಥೆಯನ್ನು ಟೀಕಿಸಿದ ಕೂಡಲೇ ‘ದ್ವೇಷ’ ಅಂತ ಕೂಗೋರು ನಿಜವಾದ ದ್ವೇಷಕ್ಕೆ ಇರೋ ಪದದ ಬೆಲೆಯನ್ನೇ ಇಳಿಸ್ತಾರೆ.

ಆರೋಪ ಮಾಡೋರಿಗೆ ರಾಜಕೀಯ ಲಾಭ ಇದೆ, ಹಾಗಾಗಿ ಆರೋಪವೇ ಸುಳ್ಳು ಅಂತ ವಾದಿಸೋರೂ ಇದ್ದಾರೆ. ಈ ವಾದಕ್ಕೆ ಬ್ರಿಟನ್ನಿನ ಲೇಬರ್ ಪಕ್ಷದ ಕಥೆಗಿಂತ ಒಳ್ಳೆ ಉತ್ತರ ಇಲ್ಲ. 2015ರಲ್ಲಿ ಜೆರೆಮಿ ಕಾರ್ಬಿನ್ ನಾಯಕರಾದರು. ಪಕ್ಷದೊಳಗೆ ಯಹೂದಿ ದ್ವೇಷ ಬೆಳೀತಿದೆ ಅನ್ನೋ ದೂರುಗಳು ಬಂದವು. ಕಾರ್ಬಿನ್ ಬೆಂಬಲಿಗರು ಹೇಳಿದರು: ಇದು ಪಿತೂರಿ, ಪ್ಯಾಲೆಸ್ತೀನ್ ಪರ ಮಾತಾಡೋರನ್ನು ಮುಗಿಸೋ ಆಟ. ವಿರೋಧಿಗಳು ಹೇಳಿದರು: ಇಡೀ ಪಕ್ಷವೇ ಕೊಳೆತಿದೆ. ಪತ್ರಿಕೆ, ಟಿವಿಗಳು ಎರಡು ಪಾಳಯವಾದವು.

2020ರ ಅಕ್ಟೋಬರ್ 29ರಂದು ಅಲ್ಲಿನ ಶಾಸನಬದ್ಧ ಸಮಾನತೆ ಮತ್ತು ಮಾನವ ಹಕ್ಕುಗಳ ಆಯೋಗದ ವರದಿ ಬಂತು. ಯಹೂದಿ ಸದಸ್ಯರಿಗೆ ಕಿರುಕುಳ, ತಾರತಮ್ಯ ಆಗಿದೆ, ಕಾನೂನು ಉಲ್ಲಂಘನೆಗೆ ಪಕ್ಷವೇ ಹೊಣೆ ಎಂದಿತು. ಸಮಸ್ಯೆಯ ಪ್ರಮಾಣವನ್ನು ರಾಜಕೀಯ ಕಾರಣಕ್ಕೆ ಉತ್ಪ್ರೇಕ್ಷೆ ಮಾಡಲಾಗಿದೆ ಅಂತ ಕಾರ್ಬಿನ್ ಹೇಳಿಕೆ ಕೊಟ್ಟರು, ಅವತ್ತೇ ಅಮಾನತಾದರು. 2022ರ ಜುಲೈನಲ್ಲಿ ಇನ್ನೊಂದು ವರದಿ ಬಂತು. ಪಕ್ಷವೇ ನೇಮಿಸಿದ್ದ ವಕೀಲ ಮಾರ್ಟಿನ್ ಫೋರ್ಡ್ ಕೊಟ್ಟಿದ್ದು. ಯಹೂದಿ ದ್ವೇಷದ ವಿಷಯವನ್ನು ಪಕ್ಷದ ಬಣಗಳು ಪರಸ್ಪರರ ವಿರುದ್ಧ ಆಯುಧವಾಗಿ ಬಳಸಿದವು ಎಂದಿತು.

ಎರಡನ್ನೂ ಒಟ್ಟಿಗೆ ಓದಿ. ದ್ವೇಷವೂ ನಿಜ, ದುರುಪಯೋಗವೂ ನಿಜ. ಆರೋಪ ಮಾಡಿದವನ ಉದ್ದೇಶ ಒಂದು ಪ್ರಶ್ನೆ, ಆರೋಪದ ಸತ್ಯ ಇನ್ನೊಂದು ಪ್ರಶ್ನೆ. ಬಣಗಳ ಮಧ್ಯೆ ಸಿಕ್ಕಿ ನರಳಿದ್ದು ಮಾತ್ರ ಸಭೆಗೆ ಬರೋಕೆ ಹೆದರಿದ ಸಾಮಾನ್ಯ ಯಹೂದಿ ಸದಸ್ಯ.

ಇಂಥದ್ದನ್ನು ಬೆಂಗಳೂರೂ ಒಮ್ಮೆ ಕಂಡಿದೆ. ಹಿಟ್ಲರ್ ಬಂದ ಮೇಲೆ ಕೆಲಸ ಕಳೆದುಕೊಂಡ ಯಹೂದಿ ಮೂಲದ ವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರನ್ನು ಸಿ.ವಿ. ರಾಮನ್ 1935ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಕರೆಸಿದರು, ಇಲ್ಲೇ ಉಳಿಸಿಕೊಳ್ಳೋ ಆಸೆಯಿಂದ. ಸಭೆಯಲ್ಲಿ ಆಸ್ಟನ್ ಎಂಬ ಇಂಗ್ಲಿಷ್ ಪ್ರಾಧ್ಯಾಪಕ, ತನ್ನ ದೇಶದಿಂದಲೇ ಓಡಿಸಲ್ಪಟ್ಟ ಎರಡನೇ ದರ್ಜೆಯ ಪರದೇಶಿ ನಮಗೆ ಬೇಡ ಎಂಬರ್ಥದಲ್ಲಿ ಮಾತಾಡಿದರು. ಅವತ್ತು ಮನೆಗೆ ಬಂದು ಅತ್ತಿದ್ದನ್ನು ಬಾರ್ನ್ ಅವರೇ ಬರೆದಿದ್ದಾರೆ. ಆ ಜಗಳದ ಗುರಿ ಬಾರ್ನ್ ಒಬ್ಬರೇ ಅಲ್ಲ, ರಾಮನ್ ಕೂಡ. 1937ರಲ್ಲಿ ರಾಮನ್ ನಿರ್ದೇಶಕ ಸ್ಥಾನದಿಂದ ಇಳಿದರು. ಬಾರ್ನ್‌ಗೆ 1954ರಲ್ಲಿ ನೊಬೆಲ್ ಬಂತು, ಆಗ ಅವರು ನಮ್ಮವರಾಗಿರಲಿಲ್ಲ. ಕಚೇರಿ ರಾಜಕೀಯಕ್ಕೆ ಒಬ್ಬನ ಅಸಹಾಯಕತೆ ಆಯುಧವಾದರೆ ನಷ್ಟ ಯಾರಿಗೆ ಅಂತ ಬೆಂಗಳೂರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಹಾಗಾಗಿ ವೀಕ್ಷಕರೇ, ಮುಂದಿನ ಚುನಾವಣೆಯಲ್ಲಿ ಯಾರೋ ಯಾರಿಗೋ ‘ಸಮುದಾಯಕ್ಕೆ ಅವಮಾನ’ ಅಂತ ಬೆರಳು ತೋರಿಸಿದಾಗ ಎರಡು ಪ್ರಶ್ನೆ ಕೇಳಿ. ಆಡಿದ ಮಾತು ಆ ಮನುಷ್ಯ ಮಾಡಿದ ಕೆಲಸದ ಬಗ್ಗೆಯೋ, ಅವನ ಹುಟ್ಟಿನ ಬಗ್ಗೆಯೋ? ಇದನ್ನು ವಿಚಾರಿಸಿ ತೀರ್ಪು ಕೊಡೋರು ಯಾರು, ಎದುರಾಳಿ ಪಕ್ಷವೋ, ನಮ್ಮಂಥ ಆ್ಯಂಕರೋ, ಎರಡೂ ಅಲ್ಲದ ಒಂದು ಸಂಸ್ಥೆಯೋ? ಬ್ರಿಟನ್ನಿಗೆ ಅಂಥದ್ದೊಂದು ಆಯೋಗ ಇತ್ತು. ಟಿವಿಗೆ ನಮ್ಮಲ್ಲೂ ಒಂದು ಪ್ರಾಧಿಕಾರ ಇದೆ, ಅದರ ದಂಡ ಚಿಕ್ಕದಿರಬಹುದು, ಆದರೆ ತಪ್ಪು ಯಾವುದು ಅಂತ ಕಾಗದದ ಮೇಲೆ ಬಂತು. ರಾಜಕೀಯ ಪಕ್ಷಗಳಿಗೆ ನಾವು ಅಷ್ಟನ್ನೂ ಕಟ್ಟಿಲ್ಲ. ಅಲ್ಲಿ ವಿಚಾರಣೆ ಇಲ್ಲ, ತೀರ್ಪಿಲ್ಲ, ಕ್ಷಮೆ ಇಲ್ಲ. ಇರೋದು ಮೈತ್ರಿ ಮಾತ್ರ.