ಕಪ್ಪಾಗಿ ಕಂಡ ಕೆಂಪು

ಬಹಳ ವರ್ಷಗಳ ಹಿಂದೆ ಕ್ರಿಮಿಯಾ ಯುದ್ಧದ ಪಾಠ ಮಾಡುವಾಗ, ಪುಸ್ತಕವೊಂದರಲ್ಲಿದ್ದ ಬ್ರಿಟಿಷ್ ಅಶ್ವಾರೋಹಿಯ ಛಾಯಾಚಿತ್ರವನ್ನು ತರಗತಿಗೆ ತೋರಿಸಿದ್ದೆ. "ಅವನ ಷರಾಯಿ ಯಾವ ಬಣ್ಣ ಸಾರ್?" ಎಂದು ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು. ಚಿತ್ರದಲ್ಲಿ ಕಂಡಂತೆ "ಕಪ್ಪು" ಎಂದುಬಿಟ್ಟೆ. ಆ ಉತ್ತರ ತಪ್ಪು. ತಡವಾಗಿಯಾದರೂ ತಿದ್ದುವುದು ಮೇಷ್ಟರ ಧರ್ಮ.

ಚಿತ್ರ ತೆಗೆದವರು ರೋಜರ್ ಫೆಂಟನ್. 1855ರ ಮಾರ್ಚ್‌ನಲ್ಲಿ ಬಾಲಕ್ಲಾವ ಬಂದರಿನಲ್ಲಿ ಇಳಿದ ಅವರು, ಮದ್ಯದ ವ್ಯಾಪಾರಿಯೊಬ್ಬನ ಹಳೆಯ ಬಂಡಿಯನ್ನೇ ಕತ್ತಲೆಕೋಣೆಯಾಗಿ ಬಳಸಿ, ಜೂನ್‌ವರೆಗೆ ಸುಮಾರು 360 ಚಿತ್ರಗಳನ್ನು ತೆಗೆದರು. ನಾನು ತೋರಿಸಿದ್ದು 11ನೆಯ ಹುಸಾರ್ ದಳದ ಕಾರ್ನೆಟ್ ವಿಲ್ಕಿನ್ ಕುದುರೆಯೇರಿ ಕುಳಿತ ಚಿತ್ರ. 1854ರ ಅಕ್ಟೋಬರ್ 25ರಂದು ಲೈಟ್ ಬ್ರಿಗೇಡಿನ ಸುಮಾರು 670 ಸವಾರರು ರಷ್ಯನ್ ಫಿರಂಗಿಗಳತ್ತ ನುಗ್ಗಿದರಷ್ಟೆ. ಅಂದು ಬದುಕಿ ಉಳಿದವರಲ್ಲಿ ಆತನೂ ಒಬ್ಬ.

ಆ ದಳದವರ ಷರಾಯಿ ಕಪ್ಪಲ್ಲ, ಕಡುಗೆಂಪು. 1840ರಲ್ಲಿ ದಳಕ್ಕೆ ರಾಜಕುಮಾರ ಆಲ್ಬರ್ಟನ ಹೆಸರು ದೊರೆತಂದಿನಿಂದ ಅದೇ ಅವರ ಗುರುತು. ಹಾಗಾದರೆ ಚಿತ್ರ ಸುಳ್ಳು ಹೇಳಿತೇ? ಇಲ್ಲ. ಗಾಜಿನ ಫಲಕಕ್ಕೆ ಬಳಿಯುತ್ತಿದ್ದ ಕೊಲೋಡಿಯನ್ ಲೇಪ ನೀಲಿ ಬೆಳಕಿಗೆ ಬೇಗ ಸ್ಪಂದಿಸುತ್ತಿತ್ತು. ಕೆಂಪಿಗೆ ಬಹುಮಟ್ಟಿಗೆ ಕುರುಡು. ಆದುದರಿಂದ ನೀಲಿ ಬಟ್ಟೆ ನಿಜಕ್ಕಿಂತ ತಿಳಿಯಾಗಿಯೂ ಕೆಂಪು ಬಟ್ಟೆ ಕಪ್ಪಾಗಿಯೂ ಮೂಡುತ್ತಿದ್ದವು. ಇನ್ನೊಂದು ತೊಡಕೂ ಉಂಟು. ಆ ಕಾಲದ ಲೋಹದ ತಗಡಿನ ಚಿತ್ರಗಳು ಸಾಮಾನ್ಯವಾಗಿ ಕನ್ನಡಿಯ ಬಿಂಬದಂತೆ ಎಡಬಲ ಅದಲುಬದಲು. ಎಡಸೊಂಟದ ಕತ್ತಿ ಬಲಕ್ಕೆ ಕಾಣುತ್ತದೆ. ಹುಸಾರರು ಎಡಭುಜಕ್ಕೆ ಇಳಿಬಿಡುತ್ತಿದ್ದ ತುಪ್ಪಳದ ಅಂಚಿನ ಮೇಲಂಗಿ ಬಲಭುಜಕ್ಕೆ ಹೋಗುತ್ತದೆ. ಫೆಂಟನ್ನರದು ಗಾಜಿನಿಂದ ಕಾಗದಕ್ಕಿಳಿಸಿದ ಚಿತ್ರಗಳಾದ್ದರಿಂದ ಅವುಗಳಲ್ಲಿ ಈ ದೋಷವಿಲ್ಲ.

ಬಣ್ಣಕ್ಕಿಂತ ದೊಡ್ಡ ಮರೆವೆಯೊಂದು ಇದೆ. ಚಿತ್ರಕ್ಕಾಗಿ ಹಲವು ಸೆಕೆಂಡು ಅಲುಗಾಡದೆ ಇರಬೇಕಿತ್ತು. ಹಾಗಾಗಿ ಓಡುವ ಕುದುರೆಯಾಗಲಿ ಕಾದಾಟವಾಗಲಿ ಅಲ್ಲಿಲ್ಲ. ಹಿಂದಿನ ಚಳಿಗಾಲದಲ್ಲಿ ಮೇವಿಲ್ಲದೆ ಸತ್ತ ಕುದುರೆಗಳೂ ಇಲ್ಲ. ಆದರೆ 8ನೆಯ ಹುಸಾರರ ಅಡುಗೆಮನೆಯ ಚಿತ್ರವೊಂದಿದೆ. ಕವಾಯಿತಿನ ಠೀವಿಯಿಲ್ಲದೆ, ಸಿಕ್ಕಿದ ಉಡುಪಿನಲ್ಲಿ ಒಲೆಯ ಬಳಿ ಸೇರಿದ ಸೈನಿಕರು. ಯುದ್ಧಭೂಮಿಯ ದಿನಚರಿಯನ್ನು ವಿಲ್ಕಿನ್ನನ ಜರತಾರಿಗಿಂತ ಆ ಚಿತ್ರವೇ ಹೆಚ್ಚು ಹೇಳುತ್ತದೆ.

ಛಾಯಾಚಿತ್ರವೂ ಒಬ್ಬ ಸಾಕ್ಷಿಯೇ. ಉಳಿದಿರುವ ಬಟ್ಟೆ, ಸೈನ್ಯದ ಉಡುಪಿನ ನಿಯಮಗಳು ಇವುಗಳ ಜೊತೆಗಿಟ್ಟು ಅದನ್ನು ಪಾಟೀಸವಾಲಿಗೆ ಒಳಪಡಿಸಬೇಕು. ಅಂದು ನಾನು ಹಾಗೆ ಮಾಡಲಿಲ್ಲ. ಕೆಂಪನ್ನು ಕಾಣದ ಫಲಕಗಳು ಇಪ್ಪತ್ತನೆಯ ಶತಮಾನದಲ್ಲಿಯೂ ಬಳಕೆಯಲ್ಲಿದ್ದವು. ನಿಮ್ಮ ಮನೆಯ ಹಳೆಯ ಚಿತ್ರದಲ್ಲಿ ಮುತ್ತಜ್ಜಿ ಮದುವೆಗೆ ಕಪ್ಪು ಸೀರೆ ಉಟ್ಟಂತೆ ಕಂಡರೆ ಅಚ್ಚರಿಪಡಬೇಡಿ. ಅದು ಕೆಂಪೇ ಆಗಿದ್ದೀತು. ಮನೆಯ ಹಿರಿಯರು ಇರುವಾಗಲೇ ಕೇಳಿ, ಚಿತ್ರದ ಹಿಂದೆ ಬರೆದಿಡಿ.